ನಾಲ್ಕು ಲಕ್ಷ ದಾಟಿದ ಕ್ವಾಲಿಸ್
ನಮ್ಮನೆ ಟೊಯೋಟಾ ಕ್ವಾಲಿಸ್ 2004ರ ಮಾಡ್ಲು, ಬಿಡದಿ ಫ್ಯಾಕ್ಟರೀದೇ, ನಾಲ್ಕು ಲಕ್ಷ ಕಿಲೋಮೀಟರ್ ದಾಟಿದ್ರೂ ಇಂಜಿನ್ ಇನ್ನೂ ಬೋರಿಗೆ (ಸವೆದ ಸಿಲಿಂಡರ್ ಕೊರೆಸೋ ಕೆಲ್ಸಕ್ಕೆ) ಬಂದಿಲ್ಲ. 2.4 ಲೀಟರ್ ಡೀಸೆಲ್ಲು, ಟರ್ಬೋ ಇಲ್ಲ, ಸೆನ್ಸರ್ ಕಾಟ ಇಲ್ಲ, ಅದ್ಕೇ ಹಳ್ಳಿ ಮೆಕ್ಯಾನಿಕ್ಕೂ ಧೈರ್ಯವಾಗಿ ಕೈ ಹಾಕ್ತಾನೆ. ಇಂಜಿನ್ ವಾಲ್ವ್‌ಗಳನ್ನ ಟೈಮಿಗೆ ಸರಿಯಾಗಿ ಆಡಿಸೋ ಟೈಮಿಂಗ್ ಬೆಲ್ಟ್ ಮಾತ್ರ ಲಕ್ಷ ಕಿಲೋಮೀಟರಿಗೊಂದ್ಸಲ ಹೊಸ್ದು ಹಾಕಿಸ್ಲೇಬೇಕು, ಓಡ್ತಿರುವಾಗ ಕಟ್ಟಾದ್ರೆ ವಾಲ್ವ್ ಬೆಂಡಾಗಿ ಹೆಡ್ ಬಿಚ್ಚೋ ಕೆಲ್ಸ ಬರುತ್ತೆ, ಸೆಕೆಂಡ್ ಹ್ಯಾಂಡ್ ತಗೊಳೋರು ಮೊದ್ಲು ಅದ್ರ ಬಿಲ್ ಕೇಳಿ. ಹಿಂದೆ ಲೀಫ್ ಸ್ಪ್ರಿಂಗು, ಖಾಲಿ ಗಾಡೀಲಿ ಹಿಂದಿನ ಸೀಟಲ್ಲಿ ಕೂತವ್ರ ಸೊಂಟಕ್ಕೆ ದೇವ್ರೇ ಗತಿ, ಎಂಟು ಜನ ತುಂಬಿದ್ರೆ ಆರಾಮ್. ಪವರ್ ಕಮ್ಮಿ, ಶಿರಾಡಿ ಘಾಟ್ ಹತ್ತುವಾಗ ಎಸಿ ಆಫ್ ಮಾಡ್ತೀವಿ, ಅವಸರದವ್ರಿಗಲ್ಲ ಇದು. 15 ವರ್ಷ ಆದ್ಮೇಲೆ ಎಫ್‌ಸಿ (ಫಿಟ್ನೆಸ್ ಸರ್ಟಿಫಿಕೇಟ್), ಹಳೇ ಗಾಡಿಗೆ ಹಾಕೋ ಗ್ರೀನ್ ಟ್ಯಾಕ್ಸ್ ಇದ್ದಿದ್ದೇ. ಮ್ಯಾಟ್ ಎತ್ತಿ ತುಕ್ಕು ನೋಡ್ದೆ ಅಡ್ವಾನ್ಸ್ ಕೊಡ್ಬೇಡಿ.