ಬ್ರೇಕ್ ಲೈನಿಂದ ಒಬ್ರೇ ಏರ್ ತೆಗೆಯೋ ಕಿಟ್, ಎಂಜಿಪಿ (ಮಾರುತಿ ಕಂಪ್ನಿದೇ) ಬ್ರೇಕ್ ಪ್ಯಾಡ್, ಡಾಟ್ 4 ಬ್ರೇಕ್ ಆಯಿಲ್: ಮನೇಲೇ ಹಾಕ್ಕೊಂಡ ಮೇಲೆ ನನ್ನ ಅಭಿಪ್ರಾಯ

ಗಾಡಿ 2012ರ ಸ್ವಿಫ್ಟ್ ಡೀಸೆಲ್, ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂಗೆ ನೋಡ್ಕೊಳ್ಳೋ ವ್ಯವಸ್ಥೆ) ಇಲ್ಲ, ಮುಂದೆ ಡಿಸ್ಕ್ ಹಿಂದೆ ಡ್ರಮ್. ಊರು ಮೂಡಿಗೆರೆ ಹತ್ರ. ತಂಗಿ ಮನೆ ಉಜಿರೇಲಿರೋದ್ರಿಂದ ತಿಂಗಳಿಗೆ ಎರಡು ಮೂರು ಸಲ ಆದ್ರೂ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳೀಲೇಬೇಕು. ಹೋದ ಮಳೆಗಾಲ ಮುಗೀತಾ ಇದ್ದಂಗೆ ಒಂದಿನ ಘಾಟಿ ಇಳೀತಿದ್ದೆ, ಮುಂದೆ ಒಂದು ಪಿಕಪ್ ನಿಧಾನಕ್ಕೆ ಹೋಗ್ತಿತ್ತು, ಓವರ್‌ಟೇಕ್ ಮಾಡಕ್ಕೆ ಜಾಗ ಇಲ್ಲ, ಸುಮ್ನೆ ಬ್ರೇಕ್ ಮೇಲೆ ಕಾಲಿಟ್ಕೊಂಡೇ ಇಳಿದೆ, ಕೊನೇ ತಿರುವುಗಳು ಬರೋ ಹೊತ್ತಿಗೆ ಪೆಡಲ್ ಸ್ಪಂಜ್ ತುಳಿದಂಗೆ ಒಳಗೆ ಹೋಯ್ತು. ಎರಡು ಮೂರು ಸಲ ಪಂಪ್ ಮಾಡಿದ್ಮೇಲೆ ಹಿಡೀತು. ಹಿಂದಿನ ಸೀಟಲ್ಲಿ ಮಗಳು ಮಲಗಿದ್ಲು. ಸೈಡಿಗೆ ಹಾಕಿ ಅರ್ಧ ಗಂಟೆ ಅಲ್ಲೇ ನಿಂತಿದ್ದೆ, ಕೈ ನಡುಗ್ತಾ ಇತ್ತು.

ಮನೆಗೆ ಬಂದು ಬಾನೆಟ್ ತೆಗೆದು ನೋಡಿದ್ರೆ ಬ್ರೇಕ್ ಆಯಿಲ್ ಡಬ್ಬಿ ಒಳಗೆ ಆಯಿಲ್ ಕಾಫಿ ಡಿಕಾಕ್ಷನ್ ಬಣ್ಣ. ಹೊಸ ಆಯಿಲ್ ತೆಳು ಜೇನುತುಪ್ಪದ ಬಣ್ಣ ಇರತ್ತೆ. ಆರು ತಿಂಗಳ ಹಿಂದಿನ ಸರ್ವಿಸ್ ಬಿಲ್ಲಲ್ಲಿ 'ಬ್ರೇಕ್ ಆಯಿಲ್ ಚೇಂಜ್' ಅಂತ ಬರೆದು ದುಡ್ಡೂ ತಗೊಂಡಿದ್ರು! ಗ್ಯಾರೇಜ್ ಹೆಸರು ಬೇಡ. ಜಗಳ ಆಡೋಕೆ ಹೋಗ್ಲಿಲ್ಲ, ಇನ್ಮೇಲೆ ಈ ಕೆಲಸ ನನ್ನ ಕಣ್ಣ ಮುಂದೇನೇ ಆಗ್ಬೇಕು ಅಂತ ಸಾಮಾನು ತರಿಸ್ದೆ. ಅದರ ರಿವ್ಯೂನೇ ಇದು.

ಮೊದ್ಲು ಆಯಿಲ್ ವಿಷ್ಯ, ಯಾಕಂದ್ರೆ ಎಲ್ರೂ ಪ್ಯಾಡ್ ಬಗ್ಗೆ ಕೇಳ್ತಾರೆ, ಇದರ ಬಗ್ಗೆ ಯಾರೂ ಕೇಳಲ್ಲ. ಆಯಿಲ್ ಅಂತೀವಿ ಅಷ್ಟೇ, ಇದು ಎಂಜಿನ್ ಆಯಿಲ್ ಥರದ್ದಲ್ಲ, ಗಾಳಿಲಿರೋ ತೇವ ಎಳ್ಕೊಳ್ಳೋ ದ್ರವ. ಹೊಸ ಡಾಟ್ 4 (ಡಾಟ್ ಅನ್ನೋದು ಬ್ರೇಕ್ ಆಯಿಲ್ ದರ್ಜೆ) ಕನಿಷ್ಠ 230 ಡಿಗ್ರಿ ತನಕ ಕುದಿಯಬಾರ್ದು ಅಂತ ಸ್ಟ್ಯಾಂಡರ್ಡ್ ಇದೆ, ಅದೇ 3.7 ಪರ್ಸೆಂಟ್ ನೀರು ಸೇರಿದ್ರೆ ಆ ಲೆಕ್ಕ 155ಕ್ಕೆ ಇಳಿಯತ್ತೆ. ಡಾಟ್ 3 ಆದ್ರೆ 205 ಮತ್ತೆ 140. ಘಾಟಿಲಿ ಡಿಸ್ಕ್ ಕಾದು ಆ ಬಿಸಿ ಕ್ಯಾಲಿಪರ್‌ಗೆ (ಪ್ಯಾಡ್‌ನ ಡಿಸ್ಕ್ ಮೇಲೆ ಒತ್ತೋ ಭಾಗ) ಇಳಿದಾಗ ಒಳಗೆ ಆಯಿಲ್ ಕುದ್ದು ಆವಿ ಆಗತ್ತೆ, ಆವಿನ ಒತ್ತಿದ್ರೆ ಕುಗ್ಗತ್ತೆ ಅಷ್ಟೇ, ಪ್ಯಾಡ್‌ಗೆ ಒತ್ತಡ ಹೋಗಲ್ಲ. ಅವತ್ತು ನನಗಾಗಿದ್ದು ಇದೇ ಇರಬೇಕು. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಬೀರುಲಿರೋ ಬಟ್ಟೆಗೇ ಬೂಷ್ಟು ಬರತ್ತೆ, ಇನ್ನು ಈ ಆಯಿಲ್ ಎಷ್ಟು ತೇವ ಕುಡಿದಿರತ್ತೋ ಯೋಚ್ನೆ ಮಾಡಿ. ನಮ್ಮ ಕಡೆಯವ್ರು ಎರಡು ವರ್ಷಕ್ಕೊಮ್ಮೆ ಬದಲಾಯಿಸ್ಲೇಬೇಕು.

ಪ್ಯಾಡ್ ಎಂಜಿಪಿ ಒರಿಜಿನಲ್ ತಗೊಂಡೆ, ಎರಡು ಸಾವಿರದೊಳಗೆ ಬಂತು. ಹಳೇದ್ರಲ್ಲಿ ಹೊರಗಿನ ಪ್ಯಾಡ್ ನಾಲ್ಕು ಎಂಎಂ ಉಳಿದಿತ್ತು, ಒಳಗಿಂದು ಎರಡು ಎಂಎಂ ಕೂಡ ಇರ್ಲಿಲ್ಲ. ಹಂಗೆ ಒಂದು ಕಡೆ ಜಾಸ್ತಿ ಸವೆದಿದೆ ಅಂದ್ರೆ ಸಾಮಾನ್ಯವಾಗಿ ಕ್ಯಾಲಿಪರ್ ಆಚೀಚೆ ಜಾರೋಕಿರೋ ಸ್ಲೈಡ್ ಪಿನ್ ಹಿಡ್ಕೊಂಡಿದೆ ಅಂತ. ಒಂದು ಪಿನ್ ತಿರುಗಿಸಿ ತಿರುಗಿಸಿ ಎಳೀಬೇಕಾಯ್ತು, ಒಣಗಿ ಕಂದು ಬಣ್ಣಕ್ಕೆ ತಿರುಗಿತ್ತು, ಒರೆಸಿ ಬ್ರೇಕಿಗೇ ಅಂತ ಬರೋ ಸಿಲಿಕಾನ್ ಗ್ರೀಸ್ ಸವರಿದ್ಮೇಲೆ ಬೆರಳಲ್ಲಿ ತಳ್ಳಿದ್ರೆ ಜಾರೋ ಹಂಗಾಯ್ತು. ಮಾಮೂಲಿ ಗ್ರೀಸ್ ಹಾಕ್ಬೇಡಿ, ರಬ್ಬರ್ ಊದ್ಕೊಳ್ಳತ್ತೆ. ಕ್ಯಾಲಿಪರ್‌ನ ಹೋಸ್ ಮೇಲೆ ನೇತಾಡಿಸ್ಬೇಡಿ, ತಂತಿಲಿ ಸ್ಪ್ರಿಂಗಿಗೆ ಕಟ್ಟಿ. ಪಿಸ್ಟನ್ ಒಳಗೆ ತಳ್ಳುವಾಗ ಡಬ್ಬಿಲಿ ಆಯಿಲ್ ಮೇಲೆ ಬರತ್ತೆ, ಅದಕ್ಕೇ ಮೊದ್ಲೇ ಸಿರಿಂಜಲ್ಲಿ ಸ್ವಲ್ಪ ಎಳೆದಿಟ್ಟಿದ್ದೆ. ಪೇಂಟ್ ಮೇಲೆ ಚೆಲ್ಲಿದ್ರೆ ತಕ್ಷಣ ನೀರಲ್ಲಿ ತೊಳೀರಿ, ಇಲ್ಲಾಂದ್ರೆ ಬಣ್ಣ ಎದ್ದು ಬರತ್ತೆ. ಜಾಕಿ ಒಂದನ್ನೇ ನಂಬಿ ಗಾಡಿ ಕೆಳಗೆ ಕೈ ಹಾಕೋದು ಮಾತ್ರ ಬೇಡವೇ ಬೇಡ, ಸ್ಟ್ಯಾಂಡ್ ಇಡಿ, ನೆಲದ ಮೇಲಿರೋ ಚಕ್ರಗಳಿಗೆ ಕಲ್ಲು ಕೊಡಿ.

ಇನ್ನು ಕಿಟ್. ಒಬ್ರೇ ಏರ್ ತೆಗೀಬೋದು ಅಂತ ಮಾರ್ತಾರಲ್ಲ, ಒಂದು ಬಾಟ್ಲಿ, ಪೈಪು, ಮಧ್ಯದಲ್ಲಿ ಒಂದೇ ಕಡೆ ಹರಿಯೋ ವಾಲ್ವ್, ಅದು. ಬಾಟ್ಲಿ ಚೆನ್ನಾಗಿದೆ, ಮ್ಯಾಗ್ನೆಟ್ ಇದೆ, ನಿಲ್ಲತ್ತೆ. ಪೈಪ್ ಮಾತ್ರ ನಿಪ್ಪಲ್ (ಚಕ್ರದ ಹತ್ರ ಆಯಿಲ್, ಗಾಳಿ ಹೊರಗೆ ಬಿಡೋ ಸಣ್ಣ ಸ್ಕ್ರೂ) ಮೇಲೆ ಲೂಸು. ಹಿಂದಿನ ಎಡಗಡೆ ಚಕ್ರದಿಂದ ಶುರು ಮಾಡ್ದೆ, ಪೆಡಲ್ ಒತ್ತಿದಾಗ ಆಯಿಲ್‌ಗೆ ಒತ್ತಡ ಕೊಡೋ ಮಾಸ್ಟರ್ ಸಿಲಿಂಡರ್‌ಗೆ ದೂರ ಇರೋದು ಅದೇ ಅಂತ (ಕೆಲವು ಗಾಡಿಲಿ ಕ್ರಮ ಬೇರೆ ಇರತ್ತೆ, ನಿಮ್ಮ ಮ್ಯಾನ್ಯುಅಲ್ ನೋಡ್ಕೊಳ್ಳಿ). ಆ ನಿಪ್ಪಲ್ ತುಕ್ಕು ಹಿಡಿದಿತ್ತು, ಹಿಂದಿನ ರಾತ್ರಿನೇ ಡಬ್ಲ್ಯೂಡಿ-40 ಹೊಡೆದು ಬೆಳಿಗ್ಗೆ ರಿಂಗ್ ಸ್ಪ್ಯಾನರ್ ಹಾಕಿ ಸಣ್ಣ ಸುತ್ತಿಗೇಲಿ ಮೆಲ್ಲಗೆ ತಟ್ಟಿದ್ಮೇಲೆ ಬಿಡ್ತು. ಆಮೇಲೆ ಪಂಪ್ ಮಾಡಿದ್ರೆ ಗುಳ್ಳೆ, ಮತ್ತೆ ಗುಳ್ಳೆ, ನಿಲ್ಲೋದೇ ಇಲ್ಲ. ಅರ್ಧ ಗಂಟೆ ಆದ್ಮೇಲೆ ಗೊತ್ತಾಯ್ತು ಗಾಳಿ ಬರ್ತಿದ್ದಿದ್ದು ಲೈನಿಂದಲ್ಲ, ಪೈಪಿನ ಬಾಯಿಂದ. ಕೇಬಲ್ ಟೈ ಬಿಗಿದ್ರೂ ಪೂರ್ತಿ ನಿಲ್ಲಲಿಲ್ಲ. ಹೊಸದಾಗಿ ಮಾಡೋರಿಗೆ ಇದು ದೊಡ್ಡ ತೊಂದ್ರೆ ಮಾರಾಯ್ರೆ, ಯಾವ ಗುಳ್ಳೆ ಎಲ್ಲಿದು ಅಂತ ಹೆಂಗೆ ಗೊತ್ತಾಗ್ಬೇಕು?

ಕೊನೆಗೆ ಅಪ್ಪನ್ನೇ ಕರೆದೆ. ಎಸ್ಟೇಟ್ ಜೀಪ್ ಓಡಿಸ್ದೋರು, ನಾಲ್ಕೂ ಡ್ರಮ್ ಇದ್ದ ಕಾಲದಿಂದ ಏರ್ ತೆಗೆದು ಗೊತ್ತು. ಸೀಟಲ್ಲಿ ಕೂತವ್ರೇ ಮೊದ್ಲು ಒಂದು ಮರದ ತುಂಡು ಕೇಳಿದ್ರು, ಪೆಡಲ್ ಕೆಳಗೆ ಇಟ್ರು. "ಹಳೇ ಸಿಲಿಂಡರು, ತಳದವರೆಗೂ ಒತ್ತಿದ್ರೆ ಒಳಗಿನ ವಾಷರ್ ಹರಿಯುತ್ತೆ ಮಗಾ" ಅಂದ್ರು. ವಾಷರ್ ಅಂದ್ರೆ ಸೀಲ್, ಅದು ಮಾಮೂಲಿಯಾಗಿ ಓಡದೇ ಇರೋ ಜಾಗದಲ್ಲಿ ಕೊಳೆ ಕೂತಿರತ್ತಲ್ಲ, ಅದರ ಮೇಲೆ ಸೀಲ್ ಹೋಗಬಾರ್ದು ಅಂತ. ಆಮೇಲೆ "ಒತ್ತಿ ಅಪ್ಪ... ಹಿಡ್ಕೊಳಿ" ಅಂತ ನಿಪ್ಪಲ್ ಬಿಡೋದು, ಬಿಗಿ ಮಾಡಿ "ಬಿಡಿ" ಅನ್ನೋದು, ನಡುನಡುವೆ ಡಬ್ಬಿ ಖಾಲಿಯಾಗದಂಗೆ ತುಂಬ್ಸೋದು. ಒಂದು ಗಂಟೇಲಿ ನಾಲ್ಕೂ ಚಕ್ರ ಮುಗೀತು. ಪೈಪಲ್ಲಿ ಕಪ್ಪು ಹೋಗಿ ಜೇನು ಬಣ್ಣ ಬಂದಾಗ ಆದ ಸಮಾಧಾನ ಹೇಳೋಕಾಗಲ್ಲ. ಅರ್ಧ ಲೀಟರ್ ಬಾಟ್ಲಿ ಒಂದು ಪೂರ್ತಿ, ಎರಡನೇದ್ರಲ್ಲಿ ಸ್ವಲ್ಪ ಹೋಯ್ತು. ಸೀಲ್ ಒಡೆದ ಬಾಟ್ಲಿನ ಮುಂದಿನ ವರ್ಷಕ್ಕೆ ಅಂತ ಇಡ್ಬೇಡಿ, ಅದೂ ತೇವ ಕುಡಿಯತ್ತೆ. ಹಳೇ ಆಯಿಲ್ ತೋಟಕ್ಕೋ ಚರಂಡಿಗೋ ಸುರೀಬೇಡಿ, ನಾನು ಕ್ಯಾನಲ್ಲಿ ತುಂಬಿ ವೇಸ್ಟ್ ಆಯಿಲ್ ತಗೊಳ್ಳೋರಿಗೆ ಬೇರೆಯಾಗೇ ಕೊಟ್ಟೆ.

ಪ್ಯಾಡ್ ಹಾಕಿದ್ಮೇಲೆ ಗಾಡಿ ಕದಲಿಸೋಕ್ ಮುಂಚೆ ಪೆಡಲ್ ಗಟ್ಟಿ ಆಗೋ ತನಕ ಪಂಪ್ ಮಾಡ್ಲೇಬೇಕು, ಮೊದಲ ಒತ್ತು ಖಾಲಿ ಹೋಗತ್ತೆ, ಇದನ್ನ ಮರೆತು ರಿವರ್ಸ್ ತೆಗೆದು ಗೋಡೆಗೆ ಗುದ್ದಿರೋರಿದಾರೆ. ಖಾಲಿ ರೋಡಲ್ಲಿ ಅರವತ್ತರಿಂದ ಇಪ್ಪತ್ತಕ್ಕೆ ಎಂಟತ್ತು ಸಲ ಇಳಿಸಿ ಪ್ಯಾಡ್ ಡಿಸ್ಕಿಗೆ ಹೊಂದ್ಕೊಳ್ಳೋ ಹಂಗೆ ಕೂರಿಸ್ದೆ. ಮೊದಲ ದಿನ ಸ್ವಲ್ಪ ವಾಸನೆ ಬಂತು, ಕಿರುಗುಟ್ಟೋದು ಇಲ್ಲವೇ ಇಲ್ಲ.

ಪ್ಯಾಡ್‌ಗೆ ಐದಕ್ಕೆ ನಾಲ್ಕೂವರೆ, ಡಾಟ್ 4ಗೆ ಪೂರ್ತಿ ಐದು, ಕಿಟ್‌ಗೆ ಎರಡು, ಅದೂ ಬಾಟ್ಲಿಗೆ. ಮನೇಲಿ ಪೆಡಲ್ ಒತ್ತೋಕೆ ಇನ್ನೊಬ್ರು ಇದ್ರೆ ಕಿಟ್ ತಗೋಬೇಡಿ, ಅಕ್ವೇರಿಯಂ ಅಂಗಡೀಲಿ ನಿಪ್ಪಲ್‌ಗೆ ಬಿಗಿಯಾಗಿ ಕೂರೋ ಪಾರದರ್ಶಕ ಪೈಪ್ ಸಿಗತ್ತೆ, ಒಂದು ಮೀಟರ್ ಸಾಕು. 2019ರ ಏಪ್ರಿಲ್ ನಂತರದ ಕಾರಲ್ಲೆಲ್ಲ ಎಬಿಎಸ್ ಇದ್ದೇ ಇರತ್ತೆ, ಅಂಥ ಗಾಡಿಲಿ ಡಬ್ಬಿ ಖಾಲಿಯಾಗಿ ಎಬಿಎಸ್ ಒಳಗೆ ಗಾಳಿ ಹೋದ್ರೆ ಗಾಳಿ ತೆಗೆಯೋಕೆ ಗ್ಯಾರೇಜಲ್ಲಿರೋ ಸ್ಕ್ಯಾನರ್ (ಗಾಡಿಗೆ ಚುಚ್ಚೋ ಕಂಪ್ಯೂಟರ್) ಬೇಕಾಗ್ಬೋದು, ಹುಷಾರು.

ಮೊನ್ನೆ ಭಾನುವಾರ ಉಜಿರೆಗೆ ಹೋಗಿದ್ವಿ. ಅಪ್ಪ ಪಕ್ಕದಲ್ಲಿ ಕೂತಿದ್ರು, ಹತ್ತೋ ಗೇರಲ್ಲೇ ಇಳಿಸು ಅಂತ ಮೊದಲೇ ಹೇಳಿದ್ರು, ಸೆಕೆಂಡಲ್ಲೇ ಇಳಿಸ್ದೆ. ಚಾರ್ಮಾಡಿ ಚೆಕ್‌ಪೋಸ್ಟ್ ಹತ್ರ ಬಂದಾಗ ಪೆಡಲ್ ಕೊಟ್ಟಿಗೆಹಾರದಲ್ಲಿ ಎಷ್ಟು ಗಟ್ಟಿ ಇತ್ತೋ ಅಷ್ಟೇ ಗಟ್ಟಿ ಇತ್ತು.