ಹತ್ತು ಮೀಟರ್ ಹಗ್ಗ, ಒಂದು ವಿಷಲ್: ಬೆಳ್ಳಿ ಜೊತೆ 19 ತಿಂಗಳು

ನಮ್ಮ ನಾಯಿ ಬೆಳ್ಳಿಗೆ ಕರೆದರೆ ಬರುವುದನ್ನು ಕಲಿಸಲಿಕ್ಕೆ ತರಿಸಿದ ಈ ಹಗ್ಗಕ್ಕೆ ಮೂರನೇ ವಾರಕ್ಕೇ ಐದು ಸ್ಟಾರ್ ಕೊಟ್ಟಿದ್ದೆ. ಈಗ 19 ತಿಂಗಳಾಯಿತು. ಐದನ್ನು ಎರಡಕ್ಕೆ ಇಳಿಸಿದ್ದೇನೆ. ಕಾರಣ ಒಂದೇ, ಅದರ ತುದಿಯ ಹುಕ್. ಅದರ ಕಥೆಗೆ ಬರುತ್ತೇನೆ. ಅದಕ್ಕೂ ಮೊದಲು ಈ ಹಗ್ಗದಿಂದ ನಮಗಾದ ಉಪಕಾರ ಹೇಳಬೇಕು. ಹೇಳದಿದ್ದರೆ ತಪ್ಪಾಗುತ್ತೆ.

ನಮ್ಮ ಮನೆ ದಾವಣಗೆರೆಯ ಅಂಚಿನಲ್ಲಿದೆ. ಹಿಂದೆ ನಾಲ್ಕು ಖಾಲಿ ಸೈಟ್, ಆಮೇಲೆ ಭತ್ತದ ಗದ್ದೆ, ಗದ್ದೆ ದಾಟಿದರೆ ಭದ್ರಾ ಚಾನಲ್. ಬೆಳ್ಳಿ ಮುಧೋಳದ ನಾಯಿ. ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಿಂದ ಮರಿ ಇದ್ದಾಗಲೇ ತಂದಿದ್ದು. ಈ ತಳಿ ಮೂಗಿಗಿಂತ ಕಣ್ಣನ್ನೇ ಜಾಸ್ತಿ ನಂಬುತ್ತದೆ. ದೂರದಲ್ಲಿ ಏನಾದರೂ ಓಡಿದ್ದು ಕಂಡರೆ ಸಾಕು, ಬಾಣದ ಹಾಗೆ ಹೊರಡುತ್ತದೆ. ಗಂಟೆಗೆ 40 ಕಿ.ಮೀ. ವೇಗ ಅಂತ ಹಿಡಿದರೂ ಸೆಕೆಂಡಿಗೆ 11 ಮೀಟರ್ ಆಯಿತು. ನನ್ನ ಹಗ್ಗ 10 ಮೀಟರ್. ನಾಯಿಯನ್ನು ಹಿಡಿದು ನಿಲ್ಲಿಸಲಿಕ್ಕೆ ಅಂತ ಇದನ್ನು ಕೊಳ್ಳಬೇಡಿ, ಕೈ ಸುಟ್ಟುಕೊಳ್ಳುತ್ತೀರಿ. ಕರೆದರೆ ತಿರುಗಿ ಬರುವುದನ್ನು ಕಲಿಸಲಿಕ್ಕೆ ಇದು ಬೇಕು. ಕಲಿಯುವ ತನಕ ಕೈತಪ್ಪಿ ಹೋಗದ ಹಾಗೆ ನೋಡಿಕೊಳ್ಳುತ್ತದೆ, ಅಷ್ಟೇ.

ಅದು ಎಷ್ಟು ಮುಖ್ಯ ಅಂತ ನನಗೆ ಗೊತ್ತಾಗಿದ್ದು ಒಬ್ಬ ಕುರಿಗಾಹಿಯಿಂದ. ಬೆಳ್ಳಿಗೆ ಆಗ ಏಳು ತಿಂಗಳು. ಕೊಯ್ಲಾದ ಗದ್ದೆಯಲ್ಲಿ ಕುರಿ ಮಂದೆ ಇತ್ತು. ನಮ್ಮ ಗೇಟ್ ತೆರೆದಿತ್ತು. ಅವಳು ನೇರ ಹೋಗಿ ಮಂದೆಗೆ ನುಗ್ಗಿದಳು. ನಾನು ಹೆಸರು ಕೂಗುತ್ತಾ ಹಿಂದೆ ಓಡಿದೆ. ಓಡಿದಷ್ಟೂ ಅವಳಿಗೆ ಅದು ಆಟವೇ ಆಯಿತು. ಕಡೆಗೆ ಸುಸ್ತಾಗಿ ಅವಳೇ ನಿಂತಳು. ಕುರಿಗಳಿಗೆ ಏನೂ ಆಗಲಿಲ್ಲ. ಆ ಯಜಮಾನರು ಬೈಯಲೂ ಇಲ್ಲ. ‘ಅಕ್ಕಾರೆ, ನಾಯಿ ಸಾಕೋದು ದೊಡ್ಡದಲ್ರಿ, ಕರೆದ್ರೆ ಬರ್ಬೇಕ್ರಿ’ ಅಂದರು. ಬಾಯಲ್ಲಿ ಒಂದು ಸಣ್ಣ ಸದ್ದು ಮಾಡಿದರು. ಅಲ್ಲೆಲ್ಲೋ ಬದುವಿನ ಮೇಲೆ ಮಲಗಿದ್ದ ಅವರ ಎರಡು ನಾಯಿಗಳೂ ಎದ್ದು ಬಂದು ಕಾಲ ಬಳಿ ನಿಂತವು.

ಅವತ್ತು ರಾತ್ರಿಯೇ ಆರ್ಡರ್ ಮಾಡಿದೆ. ಹಗ್ಗ 650 ರೂಪಾಯಿ, ವಿಷಲ್ 120. ಟ್ರೇನರ್ ಒಬ್ಬರನ್ನು ಕೇಳಿದ್ದೆ. ಅವರು ಹೇಳಿದ ತಿಂಗಳ ಫೀಸು ನಮ್ಮ ಮನೆಯ ಲೆಕ್ಕಕ್ಕೆ ಹೊಂದುತ್ತಿರಲಿಲ್ಲ.

ವಿಷಲ್ ಯಾಕೆ, ಬಾಯಲ್ಲಿ ಕರೆದರೆ ಆಗಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಆಗುತ್ತದೆ. ಆದರೆ ಹೆದರಿದಾಗ ನನ್ನ ದನಿ ಬೇರೆ, ಸಿಟ್ಟು ಬಂದಾಗ ಬೇರೆ. ವಿಷಲ್ ಯಾವಾಗಲೂ ಒಂದೇ. ನಾನು ಊದಿದರೂ, ಅತ್ತೆ ಊದಿದರೂ ಒಂದೇ. ಒಳಗೆ ಗೋಲಿ ಇಲ್ಲದ್ದು ನೋಡಿ ತಗೊಳ್ಳಿ. ಗೋಲಿ ಇದ್ದರೆ ಎಂಜಲು ಸೇರಿ ಬೇಕಾದಾಗಲೇ ಕೈಕೊಡುತ್ತದೆ. ನಮ್ಮೂರಲ್ಲಿ ಇನ್ನೊಂದು ತೊಂದರೆ ಇದೆ. ಬಸ್ ಕಂಡಕ್ಟರ್ ವಿಷಲ್, ರಾತ್ರಿ ಗೂರ್ಖಾ ವಿಷಲ್, ಬೆಳಿಗ್ಗೆ ಪಕ್ಕದ ಮನೆ ಕುಕ್ಕರ್. ಮೊದಲ ವಾರ ಬೆಳ್ಳಿ ಎಲ್ಲದಕ್ಕೂ ಕಿವಿ ನೆಟ್ಟಗೆ ಮಾಡುತ್ತಿದ್ದಳು. ಆಮೇಲೆ ಎರಡು ಗಿಡ್ಡ, ಒಂದು ಉದ್ದ ಅಂತ ಗುರುತು ಇಟ್ಟುಕೊಂಡೆವು. ಈಗ ಕುಕ್ಕರ್ ಕೂಗಿದರೆ ತಲೆಯನ್ನೂ ಎತ್ತುವುದಿಲ್ಲ.

ಭಾನುವಾರ ಕಾಲು ಕೆಜಿ ಕೋಳಿ ಲಿವರ್ ತರುತ್ತೇವೆ. ಉಪ್ಪು ಹಾಕದೆ ಬೇಯಿಸುತ್ತೇನೆ. ಈರುಳ್ಳಿ, ಬೆಳ್ಳುಳ್ಳಿ ಸೋಕಲೂಬಾರದು, ಎರಡೂ ನಾಯಿಗೆ ವಿಷ. ಆರಿದ ಮೇಲೆ ಶೇಂಗಾ ಬೀಜದಷ್ಟು ಸಣ್ಣಗೆ ಕತ್ತರಿಸಿ, ಏಳು ಪಾಲು ಮಾಡಿ ಫ್ರೀಜರ್‌ನಲ್ಲಿ ಇಡುತ್ತೇನೆ. ಬೆಳಿಗ್ಗೆ ಐದೂವರೆಗೆ ಒಂದು ಪಾಲು ಸಣ್ಣ ಸ್ಟೀಲ್ ಡಬ್ಬಿಗೆ ಬೀಳುತ್ತದೆ. ಆ ಡಬ್ಬಿಯ ಮುಚ್ಚಳದ ಸದ್ದಿಗೇ ಬೆಳ್ಳಿ ಮೈ ಮುರಿದು ಎದ್ದು ಬಾಗಿಲ ಬಳಿ ಕೂರುತ್ತಾಳೆ. ಈ ಲಿವರ್ ಬೇರೆ ಯಾವುದಕ್ಕೂ ಕೊಡುವುದಿಲ್ಲ. ಕೈ ಕೊಡು ಅಂದರೂ ಇಲ್ಲ, ಕೂತ್ಕೊ ಅಂದರೂ ಇಲ್ಲ. ವಿಷಲ್ ಕೇಳಿ ಬಂದರೆ ಮಾತ್ರ.

ಮೊದಲು ಅಡುಗೆಮನೆಯಿಂದ ಹಾಲ್‌ಗೆ, ಆಮೇಲೆ ಟೆರೇಸ್, ಆಮೇಲೆ ಖಾಲಿ ಸೈಟ್. ಗದ್ದೆಗೆ ಹೋಗಿದ್ದು ಮೂರನೇ ತಿಂಗಳಲ್ಲಿ. ಒಂದೇ ಸಲ ಊದುವುದು. ಬರದಿದ್ದರೆ ಮತ್ತೆ ಮತ್ತೆ ಊದುತ್ತಾ ನಿಲ್ಲಬಾರದು, ಆ ಸದ್ದಿಗೆ ಬೆಲೆಯೇ ಹೋಗುತ್ತದೆ. ಹಗ್ಗವನ್ನು ಮೆಲ್ಲಗೆ ಸುತ್ತಿಕೊಂಡು ಹತ್ತಿರ ಹೋಗಿ, ಕಡಿಮೆ ದೂರದಿಂದ ಮತ್ತೆ ಶುರು ಮಾಡಬೇಕು. ಹಗ್ಗವನ್ನು ಕೊರಳ ಬೆಲ್ಟ್‌ಗೆ ಹಾಕಬೇಡಿ. ಓಟದ ಕೊನೆಯಲ್ಲಿ ಬೀಳುವ ಜಗ್ಗು ಕುತ್ತಿಗೆಗೆ ಬಡಿಯುತ್ತದೆ. ಎದೆಗೆ ಹಾಕುವ ಹಾರ್ನೆಸ್‌ಗೇ ಹಾಕಿ.

ಒಮ್ಮೆ ನಾನೇ ಕೆಲಸ ಕೆಡಿಸಿದೆ. ಉಣ್ಣಿ ಹುಳದ ಔಷಧಿಯ ಸ್ನಾನಕ್ಕೆ ಅವಳನ್ನು ವಿಷಲ್ ಊದಿ ಕರೆದೆ. ಓಡಿ ಬಂದಳು. ಹಿಡಿದು ಬಚ್ಚಲಿಗೆ ಹಾಕಿದೆ. ಮಾರನೇ ದಿನದಿಂದ ಹತ್ತು ಹೆಜ್ಜೆ ದೂರದಲ್ಲೇ ನಿಂತು ನನ್ನ ಮುಖ ನೋಡುತ್ತಿದ್ದಳು. ಆ ನೋಟ ಇನ್ನೂ ಮರೆತಿಲ್ಲ. ಅದನ್ನು ಸರಿ ಮಾಡಲಿಕ್ಕೆ ಎರಡು ವಾರ ಹಿಡಿಯಿತು. ಈಗ ಸ್ನಾನಕ್ಕೆ, ಇಂಜೆಕ್ಷನ್‌ಗೆ ನಾನೇ ಅವಳ ಹತ್ತಿರ ಹೋಗುತ್ತೇನೆ.

ಇನ್ನು ಹಗ್ಗ. ಚಪ್ಪಟೆ ನೈಲಾನ್ ಪಟ್ಟಿ ಆದ್ದರಿಂದ ನೆಗ್ಗಿಲು ಮುಳ್ಳು ಅಂಟುವುದಿಲ್ಲ. ಗದ್ದೆ ಕೆಸರು ತೊಳೆದರೆ ಹೋಗುತ್ತದೆ. ಗ್ಲೌಸ್ ಇಲ್ಲದೆ ಹಿಡಿದರೆ ಅಂಗೈ ಸುಡುತ್ತದೆ. ಒದ್ದೆಯಾದರೆ ಭಾರ. ಇಷ್ಟು ಉದ್ದದ್ದು ಗಂಟು ಬೀಳದಂತೆ ಇಡುವುದೇ ನನಗೆ ದೊಡ್ಡ ಕಷ್ಟವಾಗಿತ್ತು. ಒಂದು ದಿನ ಮಾವ ನನ್ನ ಕೈಯಿಂದ ತಗೊಂಡರು. ಅವರು ಚಿಕ್ಕ ವಯಸ್ಸಿನಲ್ಲಿ ಇಲ್ಲಿನ ಕಾಟನ್ ಮಿಲ್‌ನಲ್ಲಿ ಕೆಲಸ ಮಾಡಿದವರು. ಹೆಬ್ಬೆರಳಿಗೂ ಮೊಣಕೈಗೂ ಎಂಟರ ಆಕಾರದಲ್ಲಿ ನೂಲಿನ ಲಡಿ ಹಾಗೆ ಸುತ್ತಿ, ನಡುವೆ ಒಂದು ಸುತ್ತು ಬಿಗಿದು ಗೂಟಕ್ಕೆ ಹಾಕಿದರು. ಅಂದಿನಿಂದ ಆ ಕೆಲಸ ಅವರದೇ. ಬೆಳ್ಳಿ ಅವರ ಪಾದದ ಮೇಲೆ ಗದ್ದ ಇಟ್ಟು ಸುತ್ತುವುದು ಮುಗಿಯುವ ತನಕ ನೋಡುತ್ತಾಳೆ. ಮಿಲ್ ಮುಚ್ಚಿ ಎಷ್ಟೋ ವರ್ಷವಾಗಿದೆ. ಅವರು ಆ ದಿನಗಳ ಮಾತು ಎತ್ತುವುದು ಈ ಹಗ್ಗ ಸುತ್ತುವಾಗ ಮಾತ್ರ. ಐದು ಸ್ಟಾರ್ ಕೊಟ್ಟಿದ್ದು ನಿಜ ಹೇಳಬೇಕೆಂದರೆ ಇದಕ್ಕೇ.

ಹದಿನಾಲ್ಕನೇ ತಿಂಗಳಲ್ಲಿ ಹುಕ್ ಕೈಕೊಟ್ಟಿತು. ನಾಟಿಗೆ ಮುಂಚೆ ಟ್ರ್ಯಾಕ್ಟರ್ ಕೆಸರು ಹೊಡೆಯುತ್ತಿತ್ತು. ಅದರ ಹಿಂದೆ ಬೆಳ್ಳಕ್ಕಿಗಳ ಸಾಲು. ಒಂದೇ ಸಲ ಎಲ್ಲ ಎದ್ದವು. ಬೆಳ್ಳಿ ನೆಗೆದಳು, ಹಗ್ಗ ಬಿಗಿಯಾಯಿತು, ಚಟ್ ಅಂತ ಸದ್ದು. ನನ್ನ ಕೈಯಲ್ಲಿ ಹಗುರಾದ ಹಗ್ಗ. ಹುಕ್ಕಿನ ಒಳಗಿನ ಸ್ಪ್ರಿಂಗ್ ತುಕ್ಕು ಹಿಡಿದು ಬಾಯಿ ತೆರೆದುಕೊಂಡಿತ್ತು. ಮೇಲೆ ಮಾತ್ರ ಫಳಫಳ ಹೊಳೆಯುತ್ತಿತ್ತು.

ಬೆಳ್ಳಕ್ಕಿಗಳು ಚಾನಲ್ ಕಡೆ ಹಾರಿದವು. ಅವಳೂ ಅದೇ ಕಡೆ. ಚಾನಲ್ ತುಂಬಿ ಹರಿಯುತ್ತಿತ್ತು. ಎರಡೂ ಬದಿ ಸಿಮೆಂಟ್ ಇಳಿಜಾರು, ಪಾಚಿ ಕಟ್ಟಿದ್ದು. ಬಿದ್ದ ಪ್ರಾಣಿಗೆ ಹತ್ತಲಿಕ್ಕೆ ಕಾಲು ಊರಲು ಜಾಗವೇ ಇಲ್ಲ. ಓಡಬೇಕು ಅನ್ನಿಸಿತು. ಕುರಿ ಮಂದೆಯ ದಿನ ನೆನಪಾಗಿ ಕಾಲು ತಡೆದೆ. ವಿಷಲ್ ಬಾಯಿಗಿಟ್ಟೆ. ಎರಡು ಗಿಡ್ಡ, ಒಂದು ಉದ್ದ.

ಏರಿಯ ಬುಡದಲ್ಲಿ ಅವಳ ಕಿವಿ ಹಿಂದಕ್ಕೆ ತಿರುಗಿತು. ಆಮೇಲೆ ತಲೆ. ಅಷ್ಟು ವೇಗದಲ್ಲಿ ನಿಲ್ಲಲಾಗದೆ ಗದ್ದೆಯಲ್ಲಿ ದೊಡ್ಡ ಸುತ್ತು ಹೊಡೆದು, ಕೆಸರು ಎರಚುತ್ತಾ ಬಂದು ನನ್ನ ಮೊಣಕಾಲಿಗೆ ಡಿಕ್ಕಿ ಹೊಡೆದಳು. ಡಬ್ಬಿಯಲ್ಲಿದ್ದ ಲಿವರ್ ಪೂರ್ತಿ ಸುರಿದೆ. ಅವಳು ತಿನ್ನುವಾಗ ನಾನು ಬದುವಿನ ಮೇಲೆ ಕೂತು ಅತ್ತೆ.

ಮಾರಿದವರಿಗೆ ಫೋಟೋ ಸಮೇತ ಬರೆದೆ. ವಾಪಸ್ ತಗೊಳ್ಳುವ ದಿನ ಮುಗಿದಿದೆ ಅಂತ ಉತ್ತರ ಬಂತು. ನಾನು ದುಡ್ಡು ಕೇಳಿರಲಿಲ್ಲ. ಹುಕ್ ಬದಲಿಸಿ ಮಾರಿ ಅಂತಷ್ಟೇ ಕೇಳಿದ್ದೆ. ಅದಕ್ಕೆ ಉತ್ತರವಿಲ್ಲ, ಹುಕ್ ಇನ್ನೂ ಅದೇ. ಎರಡು ಸ್ಟಾರ್ ಅದಕ್ಕೇ.

ಹಗ್ಗ ಎಸೆದಿಲ್ಲ. ಚಪ್ಪಲಿ ಹೊಲಿಯುವವರ ಹತ್ತಿರ ಗಟ್ಟಿ ಹಿತ್ತಾಳೆ ಹುಕ್ ಹಾಕಿಸಿದೆವು, ಹೊಲಿಗೆಯೂ ಸೇರಿ 180 ರೂಪಾಯಿ. ನೀವು ಇದೇ ಹಗ್ಗ ತರಿಸಿದರೆ ಮೊದಲ ದಿನವೇ ಹುಕ್ ಬದಲಿಸಿ. ಆಮೇಲೂ ವಾರಕ್ಕೊಮ್ಮೆ ಅದರ ಬಾಯಿ ಒತ್ತಿ ಬಿಟ್ಟು ನೋಡಿ.

ಕರೆದರೆ ಬರುತ್ತಾಳೆ ಅಂತ ಈಗ ಎಲ್ಲೆಂದರಲ್ಲಿ ಬಿಡುವುದಿಲ್ಲ. ಹೈವೇ ಸರ್ವಿಸ್ ರಸ್ತೆಯಲ್ಲಿ ಗಿಡ್ಡ ಹಗ್ಗ. ದೀಪಾವಳಿ ವಾರ ಹಗ್ಗವಿಲ್ಲದೆ ಗೇಟ್ ದಾಟುವಂತೆಯೇ ಇಲ್ಲ. ಪಟಾಕಿಗೆ ಬೆದರಿದ ನಾಯಿಗೆ ಯಾವ ವಿಷಲ್ಲೂ ಕೇಳಿಸುವುದಿಲ್ಲ. ಮೊನ್ನೆ ಚಾನಲ್‌ಗೆ ಮತ್ತೆ ನೀರು ಬಿಟ್ಟಿದ್ದಾರೆ. ಮಾವ ಹೇಳದೆಯೇ ಲಡಿ ಬಿಚ್ಚಿ, ಹುಕ್ ಎರಡು ಸಲ ಒತ್ತಿ ನೋಡಿ, ಬಾಗಿಲ ಹತ್ತಿರ ಇಟ್ಟಿದ್ದರು.