ನೀಲಿ ಲೈಟ್ ನೋಡಿ ಹವಳ ಕೊಳ್ಳಬೇಡಿ

ಮನೆಯಲ್ಲಿ ಉಪ್ಪುನೀರಿನ ಟ್ಯಾಂಕ್ ಇಟ್ಟು ಬಣ್ಣಬಣ್ಣದ ಹವಳ ಬೆಳೆಸಬೇಕು ಅಂತ ಓಡಾಡುತ್ತಿರುವವರು ದಯವಿಟ್ಟು ಇದನ್ನು ಓದಿ, ಆಮೇಲೆ ಅಂಗಡಿಗೆ ಹೋಗಿ. ಬೆಂಗಳೂರಿನ ಒಂದು ಅಕ್ವೇರಿಯಂ ಅಂಗಡಿಯವನು ನನಗೆ ಲೈಟ್ ಮಾರಿದ, ಹವಳ ಮಾರಿದ, ಹವಳ ಸಾಯಲು ಶುರುವಾದಾಗ ಔಷಧಿ ಬಾಟಲಿಯನ್ನೂ ಮಾರಿದ. ಅಂಗಡಿಯ ಹೆಸರು ಹಾಕುವುದಿಲ್ಲ. ಹಾಕಿದರೆ ಆ ಒಂದು ಅಂಗಡಿ ಬಿಟ್ಟು, ಪಕ್ಕದ ರಸ್ತೆಯಲ್ಲಿ ಅದೇ ಮಾತು ಹೇಳುವವನ ಹತ್ತಿರ ಹೋಗುತ್ತೀರಿ. ಏನೇನು ಹೇಳುತ್ತಾರೆ ಅಂತ ಮೊದಲೇ ಗೊತ್ತಿದ್ದರೆ ಒಳ್ಳೆಯದು.

ಅಂಗಡಿಯ ಹಿಂದಿನ ಕೋಣೆ ಕತ್ತಲು. ಟ್ಯಾಂಕುಗಳ ಮೇಲೆ ಬರೀ ನೀಲಿ ಎಲ್‌ಇಡಿ. ಅದರ ಕೆಳಗೆ ಮೆತ್ತನೆಯ ಹವಳವಾದ ಜೊವಾಂಥಿಡ್‌ಗಳು ಹಸಿರು, ಕಿತ್ತಳೆ, ಗುಲಾಬಿ ಬಣ್ಣದಲ್ಲಿ ದೀಪಾವಳಿಯ ಸೀರಿಯಲ್ ಸೆಟ್ ಥರ ಹೊಳೆಯುತ್ತಿದ್ದವು. ಮನೆಗೆ ತಂದು ಬಿಳಿ ಲೈಟ್ ಹಾಕಿದರೆ ಅವೇ ಜೊವಾಂಥಿಡ್‌ಗಳು ಮಾಸಿದ ಕಂದು. ಇದರಲ್ಲಿ ಮಾಯೆ ಏನೂ ಇಲ್ಲ. ಹವಳದ ಮೈಯಲ್ಲಿ ಕೆಲವು ಪ್ರೋಟೀನ್‌ಗಳಿರುತ್ತವೆ. ಅವು ನೀಲಿ ಬೆಳಕನ್ನು ಹೀರಿಕೊಂಡು ಹಸಿರು ಅಥವಾ ಕಿತ್ತಳೆಯಾಗಿ ಹೊರಗೆ ಬಿಡುತ್ತವೆ. ಬಿಳಿ ಬೆಳಕಿನಲ್ಲಿ ಆ ಹೊಳಪು ಉಳಿದ ಬಣ್ಣಗಳ ನಡುವೆ ಮುಳುಗಿಹೋಗುತ್ತದೆ, ಅಷ್ಟೇ. ನೀಲಿ ಬೆಳಕು ಹವಳಕ್ಕೆ ಬೇಕಾದದ್ದೇ. ಆದರೆ ಕೊಳ್ಳುವ ಹೊತ್ತಿಗೆ ಅದು ರೋಗವನ್ನೂ ಮುಚ್ಚಿಡುತ್ತದೆ.

ಹೇಗೆ ಅಂದರೆ, ಹವಳದ ಮೈಯೊಳಗೆ ಜೂಜಾಂಥೆಲ್ಲೆ ಎಂಬ ಸಣ್ಣ ಪಾಚಿ ವಾಸ ಮಾಡುತ್ತದೆ. ಬೆಳಕಿನಿಂದ ಆಹಾರ ಮಾಡಿ ಹವಳಕ್ಕೂ ಕೊಡುತ್ತದೆ. ಎಷ್ಟೋ ಹವಳಗಳ ಹೊಟ್ಟೆ ತುಂಬುವುದು ಬಹುಪಾಲು ಇದರಿಂದಲೇ. ಈ ಪಾಚಿಯ ಬಣ್ಣ ಕಂದು. ಹಾಗಾಗಿ ಸ್ವಲ್ಪ ಕಂದು ಛಾಯೆ ಇರುವ ಹವಳ ಚೆನ್ನಾಗಿ ಊಟ ಮಾಡುತ್ತಿದೆ ಅಂತ ಅರ್ಥ. ಪಾಚಿ ಕಳೆದುಕೊಂಡು ಬಿಳಿಚಿದ ಹವಳ ನೀಲಿ ಲೈಟಿನಲ್ಲಿ ಇನ್ನೂ ಜಾಸ್ತಿ ಹೊಳೆಯಬಹುದು. ಅಂಗಡಿಯವನು ಅದನ್ನೇ 'ನಿಯಾನ್ ಪೀಸ್' ಅಂತ ಎರಡರಷ್ಟು ರೇಟಿಗೆ ಕೊಡುತ್ತಾನೆ. ಕೊಳ್ಳುವ ಮುಂಚೆ ಬಿಳಿ ಲೈಟ್ ಹಾಕಿಸಿ. ಹಾಕುವುದಿಲ್ಲ ಅಂದರೆ ಮೊಬೈಲ್ ಟಾರ್ಚ್ ಹಿಡಿದು ನೋಡಿ. ಅದಕ್ಕೂ ಬೇಡ ಅಂದರೆ ಸುಮ್ನೆ ಹೊರಟುಬಿಡಿ.

ನನ್ನ ಹತ್ತಿರ ಇದ್ದದ್ದು ಮಶ್ರೂಮ್, ಜೊವಾಂಥಿಡ್, ಲೆದರ್. ಎಲ್ಲಾ ಮೆತ್ತನೆಯ ಜಾತಿ, ಸುಲಭಕ್ಕೆ ಸಾಯುವಂಥವಲ್ಲ. ಎರಡಡಿ ಟ್ಯಾಂಕಿಗೆ ಅವನೇ ಆರಿಸಿ ಕೊಟ್ಟ ಲೈಟ್ 165 ವ್ಯಾಟಿನ ಕಪ್ಪು ಡಬ್ಬಿ. ನೀಲಿಗೆ ಒಂದು ತಿರುಗಣೆ, ಬಿಳಿಗೆ ಒಂದು. ಕಂದು ಬಣ್ಣದ ಬಗ್ಗೆ ಕೇಳಿದಾಗ ಅವನು ಹೇಳಿದ್ದು ಹೀಗೆ: 'ಸಾರ್, ಲೈಟ್ ಕಮ್ಮಿ ಆಗಿದೆ ಅಷ್ಟೇ. ಎರಡೂ ಫುಲ್ ಇಟ್ಟುಬಿಡಿ, ಹನ್ನೆರಡು ಗಂಟೆ ಉರೀಲಿ. ಕಲರ್ ಹೆಂಗ್ ಬರುತ್ತೆ ನೋಡಿ.'

ಈ ಪೋಸ್ಟ್ ಬರೆಯುತ್ತಿರುವುದೇ ಆ ಮಾತಿಗಾಗಿ.

ಅವನು ಹೇಳಿದಂತೆ ಲೈಟ್ ಏರಿಸಿದ ಮೇಲೆ ಮೊದಲು ಬದಲಾದದ್ದು ಮಶ್ರೂಮ್. ಸಾಮಾನ್ಯವಾಗಿ ಅದು ಕಲ್ಲಿನ ಮೇಲೆ ತಟ್ಟೆಯಗಲ ಹರಡಿಕೊಂಡಿರುತ್ತದೆ. ಅಂಚು ಒಳಕ್ಕೆ ಮುದುಡಿತು. ನಡುವಿನ ಬಾಯಿ ತೆರೆದುಕೊಂಡಿತು, ಮುಚ್ಚಲೇ ಇಲ್ಲ. ಆಮೇಲೆ ಆ ಬಾಯಿಂದ ಬಿಳಿ ನೂಲಿನಂಥ ಎಳೆಗಳು ಹೊರಬಂದವು. ಯಾವುದೋ ಹುಳ ಹತ್ತಿದೆ ಅಂದುಕೊಂಡೆವು. ಅಲ್ಲ, ಅವು ಅದರದೇ ಕರುಳಿನ ಭಾಗ. ಹವಳ ತುಂಬಾ ಕಷ್ಟದಲ್ಲಿದ್ದಾಗ ಹೀಗೆ ಹೊರಹಾಕುತ್ತದೆ. ಜೊವಾಂಥಿಡ್‌ಗಳು ಬಾಯಿ ಮುಚ್ಚಿ ಮೊಗ್ಗಿನಂತೆ ಮುದುಡಿ ಕೂತವು. ಲೆದರ್ ಬಾಗಿ, ಮೇಲೆ ಮೇಣದಂಥ ಪೊರೆ ಕಟ್ಟಿತು. (ಲೆದರ್ ಆಗಾಗ ಪೊರೆ ಬಿಡುವುದು ಸಹಜ. ಅದನ್ನೊಂದೇ ನೋಡಿ ಗಾಬರಿಯಾಗಬೇಡಿ.)

ಬೆಳಕು ಅತಿಯಾದಾಗ ಒಳಗಿನ ಪಾಚಿ ವಿಷದಂಥ ಆಕ್ಸಿಜನ್ ರೂಪಗಳನ್ನು ಉತ್ಪಾದಿಸುತ್ತದೆ. ಹವಳ ಜೀವ ಉಳಿಸಿಕೊಳ್ಳಲು ತನ್ನ ಅಡುಗೆಯವನನ್ನೇ ಮನೆಯಿಂದ ಆಚೆ ಹಾಕುತ್ತದೆ. ಬ್ಲೀಚಿಂಗ್ ಅನ್ನುವುದು ಇದಕ್ಕೇ. ಬಣ್ಣ ಬರಲಿ ಅಂತ ಲೈಟ್ ಏರಿಸಿದರೆ ಇದ್ದ ಬಣ್ಣವೂ ಹೋಗುವುದು ಹೀಗೆ.

ಹವ್ಯಾಸದ ಗೆಳೆಯರೊಬ್ಬರು ಪಾರ್ ಮೀಟರ್ ತಂದು ಅಳೆದರು. ಸಸ್ಯ, ಪಾಚಿಗಳು ಬಳಸಿಕೊಳ್ಳಬಲ್ಲ ಬೆಳಕನ್ನು, ಅಂದರೆ 400ರಿಂದ 700 ನ್ಯಾನೊಮೀಟರ್ ತರಂಗದ ಬೆಳಕನ್ನು ಅಳೆಯುವ ಉಪಕರಣ ಅದು. ಕಲ್ಲಿನ ತುದಿಯಲ್ಲಿ, ಮಶ್ರೂಮ್ ಕೂತಿದ್ದ ಜಾಗದಲ್ಲೇ, 450 ಪಾರ್ ದಾಟಿತ್ತು. ಮೂಲೆಯ ಮರಳಿನ ಮೇಲೆ 70 ಕೂಡ ಇರಲಿಲ್ಲ. ಒಂದೇ ಟ್ಯಾಂಕು, ಒಂದೇ ಲೈಟು! ಮಶ್ರೂಮ್‌ಗೆ 50ರಿಂದ 100 ಧಾರಾಳ. ಜೊವಾಂಥಿಡ್, ಲೆದರ್ 150ರ ತನಕ ಆರಾಮಾಗಿರುತ್ತವೆ. 250, 300 ಬೇಕಾಗುವುದು ಅಕ್ರೊಪೊರಾದಂಥ ಗಟ್ಟಿ ಹವಳಗಳಿಗೆ. ಅವನ್ನು ನಮ್ಮ ದೇಶದಲ್ಲಿ ಇಡುವಂತೆಯೇ ಇಲ್ಲ, ಆ ಕಥೆ ಕೆಳಗಿದೆ. ಮೊಬೈಲಿನ ಲಕ್ಸ್ ಆ್ಯಪ್ ನಂಬಬೇಡಿ. ಲಕ್ಸ್ ಲೆಕ್ಕ ಮನುಷ್ಯನ ಕಣ್ಣಿಗೆ ತಕ್ಕದ್ದು. ನಮ್ಮ ಕಣ್ಣಿಗೆ ಹಸಿರು ಎದ್ದು ಕಾಣುತ್ತದೆ, ಗಾಢ ನೀಲಿ ಕಾಣುವುದೇ ಕಡಿಮೆ. ಹಾಗಾಗಿ ನೀಲಿ ಲೈಟ್ ಸುಡುವಷ್ಟಿದ್ದರೂ ಆ್ಯಪ್ ಕಡಿಮೆ ತೋರಿಸುತ್ತದೆ. ಮೀಟರ್ ದುಬಾರಿ, ಕೊಳ್ಳಲೇಬೇಕಿಲ್ಲ. ನಾಲ್ಕು ಜನ ಸೇರಿ ಒಂದು ಇಟ್ಟುಕೊಂಡರೂ ಆಯಿತು.

ಹೊಸ ಹವಳ ತಂದರೆ ಲೈಟ್ 20-30 ಪರ್ಸೆಂಟಿನಲ್ಲಿ ಶುರು ಮಾಡಿ. ಹವಳವನ್ನು ಮೊದಲು ಕೆಳಗೆ, ನೆರಳಿನ ಕಡೆ ಇಡಿ. ವಾರಕ್ಕೊಂದಿಷ್ಟು ಏರಿಸಿ. ದಿನಕ್ಕೆ 8ರಿಂದ 10 ಗಂಟೆ ಬೆಳಕು ಸಾಕು, ಟೈಮರ್ ಹಾಕಿ. ಬೆಳಕು ಕಡಿಮೆಯಾದರೆ ಹವಳ ನಿಧಾನವಾಗಿ ಗಾಢ ಕಂದಾಗುತ್ತದೆ, ಕಾಂಡ ಉದ್ದ ಮಾಡಿಕೊಂಡು ಮೇಲಕ್ಕೆ ಚಾಚುತ್ತದೆ. ಸರಿಪಡಿಸಲು ನಿಮಗೆ ಟೈಮ್ ಸಿಗುತ್ತದೆ. ಜಾಸ್ತಿಯಾದರೆ ಆ ಟೈಮ್ ಸಿಗುವುದಿಲ್ಲ.

ಮತ್ತೆ ಅಂಗಡಿಯ ಕಥೆಗೆ ಬರೋಣ. ಮುದುಡಿದ ಮಶ್ರೂಮ್‌ನ ಫೋಟೊ ತೋರಿಸಿದಾಗ ಲೈಟ್ ಎಷ್ಟಿದೆ ಅಂತ ಅವನು ಕೇಳಲಿಲ್ಲ. ನೀರು ಟೆಸ್ಟ್ ಮಾಡಿದ್ದೀರಾ ಅಂತಲೂ ಕೇಳಲಿಲ್ಲ. 'ಪೋಷಕಾಂಶ ಇಲ್ಲ ಸಾರ್' ಅಂತ ಒಂದು ಕಲರ್ ಬೂಸ್ಟರ್ ಬಾಟಲಿ ಕೊಟ್ಟ. ಅದರೊಳಗೆ ಏನಿದೆ ಅಂತ ಲೇಬಲ್‌ನಲ್ಲಿ ಸರಿಯಾಗಿ ಬರೆದೂ ಇರಲಿಲ್ಲ. ಹಾಕಿದ ಮೇಲೆ ಬಂದ ಕಲರ್ ಮರಳಿನ ಮೇಲೆ ಹಬ್ಬಿದ ಕೆಂಪು ಲೋಳೆಯದು, ಸಯನೋಬ್ಯಾಕ್ಟೀರಿಯಾ. ನೀವು ಅಳೆಯಲಾಗದ್ದನ್ನು ನೀರಿಗೆ ಸುರಿಯಬೇಡಿ. ಉಪ್ಪುನೀರಿನ ಸಾಪೇಕ್ಷ ಸಾಂದ್ರತೆ 1.025, 1.026. ಉಷ್ಣತೆ 25-27 ಡಿಗ್ರಿ. ಕ್ಷಾರತೆ 8-9 ಡಿಕೆಎಚ್. ನೈಟ್ರೇಟ್ ಸೊನ್ನೆ ಆಗಬೇಕು ಅಂತ ಹಠ ಬೇಡ, 5-10 ಪಿಪಿಎಂ ಇದ್ದರೆ ಹವಳಕ್ಕೆ ಒಳ್ಳೆಯದೇ. ಅಂಕಿ ಸ್ವಲ್ಪ ಆಚೀಚೆ ಇದ್ದರೂ ಪರವಾಗಿಲ್ಲ, ದಿನಾ ಏರಿಳಿತ ಆಗಬಾರದು. ಬೋರ್‌ವೆಲ್ ನೀರಂತೂ ಬೇಡವೇ ಬೇಡ. ಆರ್‌ಒ ಡಿಐ (ಕರಗಿದ ಲವಣಗಳನ್ನೆಲ್ಲ ತೆಗೆದ) ನೀರು ಬಳಸಿ, ಟಿಡಿಎಸ್ ಮೀಟರಿನಲ್ಲಿ ಸೊನ್ನೆ ತೋರಿಸಬೇಕು.

ಇನ್ನೊಂದು ಮೋಸ ಬಣ್ಣ ಹಾಕಿದ ಲೆದರ್. ನಿಂಬೆಹಣ್ಣಿನ ಹಳದಿ, ಅಷ್ಟು ಚೆಂದ. ಮನೆಗೆ ತಂದು ಬಿಳಿ ಪ್ಲಾಸ್ಟಿಕ್ ಮಗ್ಗಿನಲ್ಲಿ ಹೊಂದಿಕೊಳ್ಳಲು ಇಟ್ಟರೆ, ಸ್ವಲ್ಪ ಹೊತ್ತಿಗೆ ನೀರು ತಿಳಿ ಅರಿಶಿನದ ಬಣ್ಣಕ್ಕೆ ತಿರುಗಿತು. ಬ್ಲೀಚ್ ಆದ ಹವಳ, ಅನಿಮೋನ್‌ಗಳಿಗೆ ಹೀಗೆ ಬಣ್ಣ ಕುಡಿಸಿ ಮಾರುವುದು ಹಳೆಯ ದಂಧೆ. ಹಳದಿ ಲೆದರ್ ನಿಜವಾಗಿಯೂ ಇದೆ, ಫಿಜಿ ಕಡೆಯದು, ಬೆಲೆಯೂ ಜೋರು. ಆದರೆ ಬುಡದಿಂದ ತುದಿಯವರೆಗೆ, ಕಾಂಡವೂ ಸೇರಿ, ಒಂದೇ ಹದದ ಬಣ್ಣ ಬಳಿದಂತಿದ್ದರೆ, ಹೂವಿನೆಸಳಿನಂಥ ಸಣ್ಣ ಪಾಲಿಪ್‌ಗಳು ಹೊರಗೇ ಬರದಿದ್ದರೆ ಮುಟ್ಟಬೇಡಿ.

ಬೇಸಿಗೆಯಲ್ಲಿ ಇನ್ನೂ ಹುಷಾರಾಗಿರಬೇಕು. ಬೆಂಗಳೂರು ತಂಪು ಅನ್ನುವ ಧೈರ್ಯ ಈಗ ಬೇಡ. 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಮುಟ್ಟಿತ್ತು, 2024ರ ಏಪ್ರಿಲ್‌ನಲ್ಲಿ 38.5. ಬಿಸಿ ಮತ್ತು ಬೆಳಕು ಒಟ್ಟಿಗೆ ಸೇರಿದಾಗ ಹವಳ ಬೇಗ ಬಿಳಿಚುತ್ತದೆ. ಲಕ್ಷದ್ವೀಪದಲ್ಲಿ 1998ರಲ್ಲಿ, ಮತ್ತೆ 2024ರಲ್ಲಿ ಸಮುದ್ರ ಬಿಸಿಯಾಗಿ ಹವಳ ಬಿಳಿಚಿದ್ದೂ ಇದೇ ರೀತಿ. ನೀರಿನ ಮೇಲೆ ಸಣ್ಣ ಫ್ಯಾನ್ ಹಾಕಿದರೆ ಎರಡು ಡಿಗ್ರಿಯಾದರೂ ಇಳಿಯುತ್ತದೆ. ಆವಿಯಾದಷ್ಟಕ್ಕೆ ಸಿಹಿ ಆರ್‌ಒ ನೀರು ತುಂಬಿ, ಉಪ್ಪುನೀರಲ್ಲ. ಕರೆಂಟ್ ಹೋದಾಗ ಯುಪಿಎಸ್ ಲೈಟಿಗೆ ಕೊಡಬೇಡಿ, ನೀರು ತಿರುಗಿಸುವ ಪಂಪಿಗೆ ಕೊಡಿ. ಕತ್ತಲನ್ನು ಹವಳ ಒಂದೆರಡು ದಿನ ತಡೆಯುತ್ತದೆ, ನಿಂತ ನೀರನ್ನು ತಡೆಯುವುದಿಲ್ಲ.

ಇನ್ನು ಗಟ್ಟಿ ಹವಳ. 'ಹ್ಯಾಮರ್ ಇದೆ, ಅಕ್ರೊ ಇದೆ, ಒಳಗೆ ಬನ್ನಿ ಸಾರ್, ಬಿಲ್ ಮಾತ್ರ ಕೇಳಬೇಡಿ' ಅಂದ ಅಂಗಡಿಯವನು. ಅಲ್ಲಿಂದ ಹೊರಟ ನಾನು ಹವಳ ಕೊಳ್ಳಲು ಮತ್ತೆ ಆ ಅಂಗಡಿಗೆ ಹೋಗಿಲ್ಲ. ನಮ್ಮ ದೇಶದಲ್ಲಿ ಸುಣ್ಣದ ಗೂಡು ಕಟ್ಟುವ ಗಟ್ಟಿ ಹವಳಗಳೆಲ್ಲ, ಜೊತೆಗೆ ಕಪ್ಪು ಹವಳ, ಬೆಂಕಿ ಹವಳ, ಆರ್ಗನ್ ಪೈಪ್, ಸೀ ಫ್ಯಾನ್, 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿವೆ. ಹುಲಿ, ಆನೆ ಇರುವ ಪಟ್ಟಿ ಅದು. 2001ರಲ್ಲಿ ಸೇರಿಸಿದ್ದು. ಶಿಕ್ಷೆ 3ರಿಂದ 7 ವರ್ಷ ಜೈಲು, ದಂಡ ಬೇರೆ. ಸತ್ತ ಹವಳದ ಬಿಳಿ ಕಲ್ಲನ್ನು ಡೆಕೊರೇಷನ್ ಅಂತ ಮಾರುತ್ತಾರಲ್ವಾ, ಅದೂ ಇದರೊಳಗೇ ಬರುತ್ತದೆ. ಸೆರಾಮಿಕ್ ಅಥವಾ ಸಿಮೆಂಟಿನ ಕಲ್ಲು ಸಿಗುತ್ತದೆ, ಅದನ್ನು ಹಾಕಿ. ಗಟ್ಟಿ ಹವಳ ನೋಡಲೇಬೇಕು ಅನಿಸಿದರೆ ಮುರ್ಡೇಶ್ವರಕ್ಕೆ ಹೋಗಿ, ನೇತ್ರಾಣಿಯಲ್ಲಿ ಡೈವ್ ಮಾಡಿ, ಕೈ ಹಚ್ಚದೆ ನೋಡಿಕೊಂಡು ಬನ್ನಿ.

ನಮ್ಮ ಟ್ಯಾಂಕಿನ ಲೆದರ್‌ಗಳು ಉಳಿಯಲಿಲ್ಲ. ಲೈಟ್ ಇಳಿಸಿ, ಡಬ್ಬಿಯನ್ನೇ ಮೇಲಕ್ಕೆ ಎತ್ತಿ ಕಟ್ಟಿದ ಮೇಲೆ ಮಶ್ರೂಮ್‌ಗಳಲ್ಲಿ ಕೆಲವು ಅಂಚಿನಿಂದ ಮತ್ತೆ ಕಂದಾಗುತ್ತಾ ಬಂದವು. ಜೊವಾಂಥಿಡ್ ಅರ್ಧಕ್ಕರ್ಧ ಹೋದವು. ದುಡ್ಡು ವಾಪಸ್ ಕೇಳಿದ್ದಕ್ಕೆ 'ಜೀವ ಇರೋ ಐಟಂ ರಿಟರ್ನ್ ಇಲ್ಲ' ಅಂದ. ಹವಳದ್ದು ಬಿಡಿ, ಲೈಟಿಗಾದರೂ ಜಿಎಸ್‌ಟಿ ಬಿಲ್ ಕೇಳಿ ತೆಗೆದುಕೊಳ್ಳಿ. ಚೀಟಿಯಲ್ಲಿ 'ಫಿಶ್ ಐಟಂ' ಅಂತ ಗೀಚಿ ಕೊಟ್ಟದ್ದನ್ನು ಹಿಡಿದುಕೊಂಡು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದರೆ ಹೇಳಿಕೊಳ್ಳಲು ಏನೂ ಇರುವುದಿಲ್ಲ.

ಅವನು ಕೊಟ್ಟ ಕೊನೆಯ ಸಲಹೆ ಎಲ್ಲಕ್ಕಿಂತ ಅಪಾಯದ್ದು. ಜೊವಾಂಥಿಡ್ ಸತ್ತ ಕಲ್ಲನ್ನು ಕುದಿಯುವ ನೀರಿನಲ್ಲಿ ಹಾಕಿ, ಬ್ರಷ್‌ನಲ್ಲಿ ಉಜ್ಜಿ ಮತ್ತೆ ಬಳಸಿ ಅಂದ. ಖಂಡಿತ ಮಾಡಬೇಡಿ. ಕೆಲವು ಜೊವಾಂಥಿಡ್‌ಗಳಲ್ಲಿ, ಅದರಲ್ಲೂ ಪ್ಯಾಲಿಥೋವಾ ಎಂಬ ಜಾತಿಯಲ್ಲಿ, ಪ್ಯಾಲಿಟಾಕ್ಸಿನ್ ಇರುತ್ತದೆ, ತುಂಬಾ ತೀವ್ರವಾದ ವಿಷ. ಕುದಿಸಿದಾಗ ಹಬೆಯ ಜೊತೆ ಅದು ಮನೆಯೊಳಗೆ ಹರಡುತ್ತದೆ. ಹೊರದೇಶಗಳಲ್ಲಿ ಹೀಗೆ ಇಡೀ ಮನೆಯವರು ಆಸ್ಪತ್ರೆ ಸೇರಿದ ಪ್ರಕರಣಗಳಿವೆ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ಕಲ್ಲನ್ನು ಒದ್ದೆಯಾಗಿಯೇ ಇಟ್ಟು, ಕೆರೆಯದೆ, ಎರಡು ಕವರ್‌ನಲ್ಲಿ ಕಟ್ಟಿ ಎಸೆಯಿರಿ. ಕೆಲಸ ಮಾಡಿದ ಮೇಲೆ ಬಾಯಲ್ಲಿ ಲೋಹದ ರುಚಿ, ಕೆಮ್ಮು, ಉಸಿರುಗಟ್ಟುವುದು, ಜ್ವರ, ಕಣ್ಣುರಿ ಏನಾದರೂ ಬಂದರೆ ಮನೆಯವರನ್ನೆಲ್ಲ ಹೊರಗೆ ಕರೆದುಕೊಂಡು ಬಂದು ನೇರ ಆಸ್ಪತ್ರೆಗೆ ಹೋಗಿ. ಹವಳದ ವಿಷ, ಪ್ಯಾಲಿಟಾಕ್ಸಿನ್, ಅಂತ ಡಾಕ್ಟರಿಗೆ ನೀವೇ ಬಾಯಿಬಿಟ್ಟು ಹೇಳಿ. ಫಿಶ್ ಟ್ಯಾಂಕ್ ತೊಳೆದೆ ಅಂದರೆ ಅವರಿಗೆ ಅದು ಹೊಳೆಯುವುದಿಲ್ಲ.